ಹೊಟ್ಟೆ ಬೊಜ್ಜು ಮತ್ತು ಟೆಸ್ಟೋಸ್ಟೆರಾನ್: ಇಂಜೆಕ್ಷನ್ನಿಗೂ ಮೊದಲು ಮಾಡಬೇಕಾದದ್ದು

ಮೂವತ್ತೈದು ದಾಟಿದ ಬೆಂಗಳೂರಿನ ಗಂಡಸರಲ್ಲಿ ಒಂದು ಮೈಕಟ್ಟು ತುಂಬಾ ಕಾಣಸಿಗುತ್ತದೆ. ಕೈಕಾಲು ತೆಳ್ಳಗೆ. ಮುಖವೂ ಅಷ್ಟೇನೂ ಊದಿಲ್ಲ. ಹೊಟ್ಟೆ ಮಾತ್ರ ಬೆಲ್ಟಿನ ಮೇಲೆ ಬಂದು ಕೂತಿದೆ. ಜೊತೆಗೆ ಸುಸ್ತು, ಹಾಸಿಗೆಯಲ್ಲಿ ಆಸಕ್ತಿ ಕಮ್ಮಿ, ಜಿಮ್ಮಿಗೆ ಸೇರಿದರೂ ತೋಳು ಗಟ್ಟಿಯಾಗುತ್ತಿಲ್ಲ. ಯಾರೋ ಒಬ್ಬರು ಹೇಳುತ್ತಾರೆ: ‘ಮಗಾ, ನಿಂಗೆ ಟೆಸ್ಟೋಸ್ಟೆರಾನ್ ಕಮ್ಮಿ ಆಗಿರ್ಬೇಕು.’ ಅವತ್ತಿನಿಂದ ಫೋನಿನಲ್ಲೂ ಅದೇ ಜಾಹೀರಾತು.

ಆ ಮಾತು ಅರ್ಧ ನಿಜ. ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನ್ ಕಮ್ಮಿಯಾದರೆ ಕೊಬ್ಬು ಜಾಸ್ತಿಯಾಗುತ್ತದೆ. ಆದರೆ ಹೊಟ್ಟೆ ಬಂದ ಎಷ್ಟೋ ಗಂಡಸರಲ್ಲಿ ನಡೆದಿರುವುದು ಉಲ್ಟಾ. ಮೊದಲು ಹೊಟ್ಟೆ ಬಂತು, ಆಮೇಲೆ ಹಾರ್ಮೋನ್ ಇಳಿಯಿತು. ಯಾವುದು ಮೊದಲು ಅನ್ನೋದು ಸುಮ್ನೆ ವಾದದ ಮಾತಲ್ಲ, ನಿಮ್ಮ ಚಿಕಿತ್ಸೆ ಅದರ ಮೇಲೆ ನಿಂತಿದೆ. ಅದಕ್ಕೇ ಇಲ್ಲಿ ಅಳತೆಯ ಟೇಪು ಮೊದಲು, ನಿದ್ದೆ ಆಮೇಲೆ, ರಕ್ತಪರೀಕ್ಷೆ ಅದಾದ ಮೇಲೆ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಮಾತು ಕಟ್ಟಕಡೆಗೆ.

ದೇಹದೊಳಗೆ ಏನು ನಡೆಯುತ್ತದೆ

ಗಂಡಸರ ಟೆಸ್ಟೋಸ್ಟೆರಾನ್ ಬಹುಪಾಲು ತಯಾರಾಗುವುದು ವೃಷಣಗಳಲ್ಲಿ. ಆದರೆ ಅಪ್ಪಣೆ ಬರುವುದು ತಲೆಯಿಂದ. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎಲ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಬಂದು ತಲುಪಿದ ಮೇಲೆ ವೃಷಣ ಕೆಲಸ ಮಾಡುತ್ತದೆ. ಈ ಎಲ್‌ಎಚ್ ಹೆಸರು ನೆನಪಿರಲಿ, ರಿಪೋರ್ಟ್ ಓದುವಾಗ ಮತ್ತೆ ಬೇಕಾಗುತ್ತದೆ.

ಹೀಗೆ ಬಂದ ಟೆಸ್ಟೋಸ್ಟೆರಾನ್ ಸ್ನಾಯು ಕಟ್ಟಲು ಸಹಾಯ ಮಾಡುತ್ತದೆ. ಕೊಬ್ಬಿನ ಕೋಶಗಳು, ಅದರಲ್ಲೂ ಹೊಟ್ಟೆಯ ಒಳಗಿನವು, ಕೊಬ್ಬನ್ನು ತುಂಬಿಕೊಳ್ಳುವುದನ್ನು ತಗ್ಗಿಸುತ್ತದೆ. ಇದು ಎಷ್ಟು ನಿಜ ಅನ್ನೋದು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಕ್ಯಾನ್ಸರಿಗೆ ಚಿಕಿತ್ಸೆಯಾಗಿ ಟೆಸ್ಟೋಸ್ಟೆರಾನನ್ನು ಬೇಕೆಂದೇ ನಿಲ್ಲಿಸಿಬಿಡುತ್ತಾರೆ. ವರ್ಷದೊಳಗೆ ಮೈಯ ಕೊಬ್ಬು ಹತ್ತಿರ ಹತ್ತಿರ 10% ಏರುತ್ತದೆ, ಸ್ನಾಯು 2ರಿಂದ 3% ಕರಗುತ್ತದೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಗಂಡಸಿನ ಮೈಯಲ್ಲಿ ಸ್ವಲ್ಪ ಟೆಸ್ಟೋಸ್ಟೆರಾನ್ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ಬದಲಾಯಿಸುವ ಕಿಣ್ವದ ಹೆಸರು ಅರೊಮಟೇಸ್. ಈಸ್ಟ್ರೊಜೆನ್ ಅಂದರೆ ಹೆಣ್ಣಿನ ಹಾರ್ಮೋನ್, ಗಂಡಸಿಗೆ ಅದು ಕೆಟ್ಟದ್ದು ಅಂತ ಜಿಮ್ಮುಗಳಲ್ಲಿ ಮಾತು. 2013ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿ ನೋಡಿದರು. 20ರಿಂದ 50 ವರ್ಷದ ಸುಮಾರು 400 ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ತಡೆದರು. ಆಮೇಲೆ ಬೇರೆ ಬೇರೆ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟರು. ಅರ್ಧ ಜನಕ್ಕೆ ಅದು ಈಸ್ಟ್ರೊಜೆನ್ ಆಗದಂತೆ ತಡೆಯುವ ಮಾತ್ರೆಯನ್ನೂ ಕೊಟ್ಟರು. 16 ವಾರದ ನಂತರ ನೋಡಿದರೆ, ಸ್ನಾಯು ಮತ್ತು ಶಕ್ತಿ ಕುಂದುವುದು ಟೆಸ್ಟೋಸ್ಟೆರಾನ್ ಕೊರತೆಯಿಂದ. ಕೊಬ್ಬು ಸೇರುವುದು ಮುಖ್ಯವಾಗಿ ಈಸ್ಟ್ರೊಜೆನ್ ಕೊರತೆಯಿಂದ! ಅಂದರೆ ಗಂಡಸಿನ ಮೈಯಲ್ಲಿ ಕೊಬ್ಬು ಹದ್ದುಬಸ್ತಿನಲ್ಲಿರಲು ಸ್ವಲ್ಪ ಈಸ್ಟ್ರೊಜೆನ್ ಬೇಕೇ ಬೇಕು. ಹೊಟ್ಟೆ ಕರಗಲಿ ಅಂತ ‘ಈಸ್ಟ್ರೊಜೆನ್ ಬ್ಲಾಕರ್’ ನುಂಗುವವರು ಈ ಒಂದು ಫಲಿತಾಂಶವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಉಲ್ಟಾ ದಾರಿ. ಹೊಟ್ಟೆಯೊಳಗೆ ಕೊಬ್ಬು ಸೇರಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಲಿವರ್ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಕಮ್ಮಿ ತಯಾರಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹಿಡಿದಿಟ್ಟುಕೊಳ್ಳುವುದೇ ಈ ಪ್ರೋಟೀನ್. ಅದು ಇಳಿದರೆ ಒಟ್ಟು ಟೆಸ್ಟೋಸ್ಟೆರಾನ್ ಲೆಕ್ಕವೂ ಇಳಿಯುತ್ತದೆ. ಬೊಜ್ಜು ಇನ್ನೂ ಜಾಸ್ತಿಯಾದರೆ ತಲೆಯಿಂದ ಬರುವ ಅಪ್ಪಣೆಯೂ ಮಂಕಾಗುತ್ತದೆ. ಟೆಸ್ಟೋಸ್ಟೆರಾನ್ ಇಳಿದಷ್ಟೂ ಸ್ನಾಯು ಸೊರಗುತ್ತದೆ, ಕೊಬ್ಬು ಏರುತ್ತದೆ. ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ.

ವಯಸ್ಸಾದ ಮಾತ್ರಕ್ಕೆ ಎಲ್ಲರಿಗೂ ಕೊರತೆ ಬರುತ್ತದೆ ಅನ್ನೋದು ಸುಳ್ಳು. ಯುರೋಪಿನ 8 ಕೇಂದ್ರಗಳಲ್ಲಿ 40ರಿಂದ 79 ವರ್ಷದ 3,000ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣವೂ ಇದ್ದು ರಕ್ತದಲ್ಲೂ ಕೊರತೆ ಇದ್ದವರು 2.1% ಮಾತ್ರ.

ಹಂತ 1: ಟೇಪು ಹಿಡಿಯಿರಿ

ಪ್ಯಾಂಟಿನ ಸೈಜು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ನಾವೆಲ್ಲ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಹತ್ತು ವರ್ಷದಿಂದ 34ರ ಪ್ಯಾಂಟೇ ಹಾಕುತ್ತಿದ್ದರೂ ಹೊಟ್ಟೆ ನಾಲ್ಕು ಇಂಚು ಏರಿರಬಹುದು.

ಬೆಳಿಗ್ಗೆ ತಿಂಡಿಗೆ ಮೊದಲು, ಅಂಗಿ ತೆಗೆದು ನೆಟ್ಟಗೆ ನಿಲ್ಲಿ. ಪಕ್ಕೆಯಲ್ಲಿ ಬೆರಳಿಟ್ಟು ಕೊನೆಯ ಎಲುಬು ಎಲ್ಲಿ ಮುಗಿಯುತ್ತದೆ ನೋಡಿ. ಸೊಂಟದ ಮೂಳೆಯ ಮೇಲಿನ ಅಂಚನ್ನೂ ಮುಟ್ಟಿ ನೋಡಿ. ಎರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಹಿಂದೆ ಬೆನ್ನಿನ ಕಡೆ ಟೇಪು ಜಾರಿರುತ್ತದೆ, ಕನ್ನಡಿಯಲ್ಲಿ ನೋಡಿ ಸರಿಮಾಡಿಕೊಳ್ಳಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಟೇಪು ಚರ್ಮಕ್ಕೆ ಒತ್ತಬಾರದು. ಎರಡು ಸಲ ಅಳೆದು, ತಾರೀಖಿನ ಜೊತೆ ಬರೆದಿಡಿ.

ಭಾರತೀಯ ಗಂಡಸರಿಗೆ ಗೆರೆ 90 ಸೆಂಟಿಮೀಟರ್. ಎತ್ತರದ ಅರ್ಧಕ್ಕಿಂತ ಸೊಂಟ ಜಾಸ್ತಿ ಇದ್ದರೂ ಎಚ್ಚರಿಕೆ ಬೇಕು. ತೂಕ ಸರಿ ಇದೆಯಲ್ಲ ಅಂತ ಕೇಳಬಹುದು. ನಮ್ಮ ಜನರ ದೇಹದ ಸ್ವಭಾವವೇ ಹಾಗೆ. ಅದೇ ತೂಕದ ಯುರೋಪಿನವರಿಗೆ ಹೋಲಿಸಿದರೆ ನಮ್ಮಲ್ಲಿ ಸ್ನಾಯು ಕಮ್ಮಿ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ಇಲ್ಲಿ ತೂಕ ಹೆಚ್ಚು ಅಂತಲೇ ಲೆಕ್ಕ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ 39.5% ಜನರಿಗೆ ಹೊಟ್ಟೆ ಬೊಜ್ಜಿದೆ.

ಸೊಂಟ 90 ದಾಟಿದ್ದರೆ ಟೆಸ್ಟೋಸ್ಟೆರಾನ್‌ಗಿಂತ ಮೊದಲು ಸಕ್ಕರೆ, ಬಿಪಿ ನೋಡಿಸಿ. ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೇ ಆಗುತ್ತದೆ.

ಹಂತ 2: ಲಕ್ಷಣಗಳನ್ನು ಬೇರೆ ಬೇರೆ ಮಾಡಿ ನೋಡಿ

ಸುಸ್ತು, ಸಿಟ್ಟು, ಮರೆವು ಇವೆಲ್ಲ ಯಾವುದರಿಂದ ಬೇಕಾದರೂ ಬರಬಹುದು. ಥೈರಾಯ್ಡ್, ಸಕ್ಕರೆ, ಬಿ12 ಕೊರತೆ, ಖಿನ್ನತೆ. ಮೊಟ್ಟೆಯೂ ತಿನ್ನದ ಸಸ್ಯಾಹಾರಿಗಳು ಬಿ12 ಒಂದನ್ನು ಖಂಡಿತ ನೋಡಿಸಬೇಕು.

ಟೆಸ್ಟೋಸ್ಟೆರಾನ್ ಕೊರತೆಯ ಕಡೆ ಗಟ್ಟಿಯಾಗಿ ಬೆರಳು ತೋರಿಸುವುದು ಮೂರು ಲಕ್ಷಣಗಳು. ಬೆಳಿಗ್ಗೆ ಏಳುವಾಗ ತಾನಾಗೇ ಆಗುತ್ತಿದ್ದ ನಿಮಿರುವಿಕೆ ನಿಂತುಹೋಗುವುದು ಅಥವಾ ಅಪರೂಪವಾಗುವುದು. ಲೈಂಗಿಕ ಯೋಚನೆಗಳೇ ಬರದಿರುವುದು. ಬೇಕೆಂದಾಗಲೂ ನಿಮಿರುವಿಕೆ ಆಗದಿರುವುದು. ಈ ಮೂರೂ ಒಟ್ಟಿಗೆ ಇದ್ದರೆ ಪರೀಕ್ಷೆಗೆ ಅರ್ಥವಿದೆ. ಇದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಲು ನಮ್ಮಲ್ಲಿ ಎಷ್ಟು ಸಂಕೋಚ ಅಂದರೆ, ಜನ ‘ಸುಸ್ತು ಡಾಕ್ಟ್ರೇ’ ಅಂತ ಮಾತ್ರ ಹೇಳಿ ಎದ್ದು ಬರುತ್ತಾರೆ. ಬಾಯಿ ಬಿಟ್ಟು ಹೇಳಿ. ಅವರಿಗೆ ಇದು ದಿನನಿತ್ಯದ ಮಾತು. ನಿಮಿರುವಿಕೆಯ ತೊಂದರೆ ಒಂದೇ ಇದ್ದರೆ ಅದು ರಕ್ತನಾಳಗಳ ಸಮಸ್ಯೆಯೂ ಆಗಿರಬಹುದು, ಹೃದಯದ ಕಡೆಗೂ ಗಮನ ಬೇಕು.

ಎದೆ ದಪ್ಪಗಾಗಿದೆ ಅನ್ನಿಸಿದರೆ ಮಲಗಿ ಮೊಲೆತೊಟ್ಟಿನ ಸುತ್ತ ಎರಡು ಬೆರಳಿಂದ ಹಿಡಿದು ನೋಡಿ. ಮೆತ್ತಗಿದ್ದರೆ ಬರೀ ಕೊಬ್ಬು. ತೊಟ್ಟಿನ ಕೆಳಗೇ ಬಿಲ್ಲೆಯಂತೆ ಗಟ್ಟಿಯಾಗಿ ಸಿಕ್ಕಿದರೆ ಗ್ರಂಥಿ ಬೆಳೆದಿದೆ, ಡಾಕ್ಟರಿಗೆ ತೋರಿಸಿ.

ಇವು ಇದ್ದರೆ ಮಾತ್ರ ತಡ ಮಾಡಬೇಡಿ: ಪದೇ ಪದೇ ತಲೆನೋವಿನ ಜೊತೆ ಅಕ್ಕಪಕ್ಕದ ದೃಷ್ಟಿ ಮಸುಕಾಗುವುದು, ಮೊಲೆತೊಟ್ಟಿನಿಂದ ಹಾಲಿನಂಥ ದ್ರವ, ಗಡ್ಡ ಬೆಳೆಯುವುದು ನಿಧಾನವಾಗುವುದು, ವೃಷಣ ತುಂಬಾ ಚಿಕ್ಕದಾಗಿರುವುದು, ಮಕ್ಕಳಾಗದಿರುವುದು. ದೊಡ್ಡವರಾದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದರೆ ಅದನ್ನೂ ಹೇಳಿ.

ಹಂತ 3: ನಿದ್ದೆ ಸರಿಮಾಡಿಕೊಳ್ಳಿ

ಟೆಸ್ಟೋಸ್ಟೆರಾನ್ ಏರುವುದು ನಿದ್ದೆಯಲ್ಲಿ. ಬೆಳಗಿನ ಜಾವಕ್ಕೆ ಅದು ತುದಿ ಮುಟ್ಟುತ್ತದೆ. 2011ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರನ್ನು ಎಂಟು ರಾತ್ರಿ ಐದೇ ಗಂಟೆ ಮಲಗಿಸಿದರು. ಹಗಲಿನ ಟೆಸ್ಟೋಸ್ಟೆರಾನ್ 10ರಿಂದ 15% ಇಳಿಯಿತು. ಭಾಗವಹಿಸಿದವರು ಹತ್ತೇ ಜನ, ಆದರೂ ಫಲಿತಾಂಶ ಯೋಚಿಸುವಂಥದ್ದು.

ನಮ್ಮ ಊರಿನಲ್ಲಿ ಐದು ಗಂಟೆ ನಿದ್ದೆ ಅನ್ನೋದು ಪ್ರಯೋಗವಲ್ಲ, ಜೀವನ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಕಾಲ್, ಬೆಳಿಗ್ಗೆ ಆರಕ್ಕೆ ಮಗಳ ಸ್ಕೂಲ್ ವ್ಯಾನ್, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್. ಇಂಥವರಿಗೆ ಹಾರ್ಮೋನ್ ಇಳಿದಿದ್ದರೆ ಅದಕ್ಕೆ ಮೊದಲ ಔಷಧ ಏಳು ಗಂಟೆಯ ನಿದ್ದೆ. ಕಾಲ್ ಸಮಯ ಬದಲಿಸಲು ಮ್ಯಾನೇಜರ್ ಹತ್ತಿರ ಕೇಳುವುದು ಸುಲಭವಲ್ಲ, ಗೊತ್ತು. ಆದರೆ ವಾರದಲ್ಲಿ ಎರಡು ರಾತ್ರಿಯಾದರೂ ಬಿಡಿಸಿಕೊಂಡರೆ ಅದೇ ಲಾಭ.

ಗೊರಕೆ ಬಗ್ಗೆ ನಿಮಗೆ ಗೊತ್ತಾಗುವುದಿಲ್ಲ, ಹೆಂಡತಿಯನ್ನು ಕೇಳಿ. ಜೋರು ಗೊರಕೆಯ ಮಧ್ಯೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತೀರಾ? ಹಗಲು ಕೂತಲ್ಲೇ ತೂಕಡಿಕೆಯಾ? ಹಾಗಿದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಸ್ಲೀಪ್ ಸ್ಟಡಿ ಮಾಡಿಸಿ. ತೀವ್ರ ಆಪ್ನಿಯಾಕ್ಕೆ ಚಿಕಿತ್ಸೆ ಪಡೆಯದೆ ಟೆಸ್ಟೋಸ್ಟೆರಾನ್ ಶುರು ಮಾಡಿದರೆ ಅದು ಇನ್ನೂ ಕೆಡಬಹುದು.

ಹಂತ 4: ಟೆಸ್ಟ್ ಮಾಡಿಸುವುದಾದರೆ ಸರಿಯಾಗಿ ಮಾಡಿಸಿ

ಸಂಜೆ ಆಫೀಸ್ ಮುಗಿಸಿ, ಬೋಂಡ ಕಾಫಿ ಆದ ಮೇಲೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ನಂಬರ್ ಕಮ್ಮಿ ಬರುವ ಸಾಧ್ಯತೆಯೇ ಜಾಸ್ತಿ. ಸಂಜೆಗೆ ಹಾರ್ಮೋನ್ ಇಳಿದಿರುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಿದ ಅಧ್ಯಯನದಲ್ಲಿ ಟೆಸ್ಟೋಸ್ಟೆರಾನ್ ಸರಾಸರಿ 25% ಇಳಿದಿತ್ತು. ಆ ಒಂದು ತಪ್ಪು ನಂಬರಿನ ಮೇಲೆ ವರ್ಷಗಟ್ಟಲೆ ಇಂಜೆಕ್ಷನ್ ಶುರುವಾಗುವುದು ಬೇಡ.

ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಮನೆಗೇ ಬಂದು ಸ್ಯಾಂಪಲ್ ತಗೊಳ್ಳುವವರನ್ನು ಏಳು ಗಂಟೆಗೆ ಕರೆದರೆ ಅನುಕೂಲ. ಹಿಂದಿನ ರಾತ್ರಿ ಚೆನ್ನಾಗಿ ಮಲಗಿರಬೇಕು, ಕುಡಿದಿರಬಾರದು. ಡೆಂಗಿ, ಜ್ವರ, ಆಪರೇಷನ್ ಆಗಿ ಸುಧಾರಿಸಿಕೊಳ್ಳುತ್ತಿದ್ದರೆ ಕಾಯಿರಿ, ಕಾಯಿಲೆಯಲ್ಲಿ ಎಲ್ಲರಿಗೂ ಇಳಿಯುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನೇ ಕೆಡಿಸುತ್ತದೆ. ಸ್ಟಿರಾಯ್ಡ್ ಮಾತ್ರೆ, ಬಲವಾದ ನೋವಿನ ಓಪಿಯಾಯ್ಡ್ ಔಷಧಗಳು ಟೆಸ್ಟೋಸ್ಟೆರಾನನ್ನು ಇಳಿಸುತ್ತವೆ, ಡಾಕ್ಟರಿಗೆ ಪಟ್ಟಿ ಕೊಡಿ. ನೈಟ್ ಶಿಫ್ಟ್‌ನವರು ತಾವು ಏಳುವ ಹೊತ್ತನ್ನು ಹೇಳಿ, ಅದರ ಪ್ರಕಾರ ಸಮಯ ಗೊತ್ತುಮಾಡಿಕೊಳ್ಳಿ.

ಒಂದೇ ರಿಪೋರ್ಟಿನಿಂದ ತೀರ್ಮಾನ ಇಲ್ಲ. ಕಮ್ಮಿ ಬಂದರೆ ಬೇರೆ ದಿನ, ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಇನ್ನೊಂದು ಸಲ.

ಈಗ ನಂಬರ್ ಓದೋಣ. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಡೆಸಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಅಂತ ಕೊಡುತ್ತವೆ. ನ್ಯಾನೊಮೋಲ್‌ನಲ್ಲಿ ಕೊಟ್ಟಿದ್ದರೆ 28.8ರಿಂದ ಗುಣಿಸಿ. 19ರಿಂದ 39 ವರ್ಷದ, ಬೊಜ್ಜಿಲ್ಲದ ಅಮೆರಿಕ ಮತ್ತು ಯುರೋಪಿನ ಗಂಡಸರಲ್ಲಿ ಸಿಕ್ಕ ವ್ಯಾಪ್ತಿ 264ರಿಂದ 916. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300ರ ಗೆರೆ ಇಟ್ಟುಕೊಂಡಿದೆ. ನಿಮಗೆ 420 ಬಂದು, ಗೆಳೆಯನಿಗೆ 700 ಬಂದಿದ್ದರೆ ನೀವು ಅವನಿಗಿಂತ ಕಮ್ಮಿ ಅಂತಲ್ಲ. ಇಬ್ಬರೂ ಸರಿ ಇದ್ದೀರಿ.

ಹೊಟ್ಟೆ ಇರುವವರಿಗೆ ಅತಿ ಮುಖ್ಯವಾದದ್ದು ಎಸ್‌ಎಚ್‌ಬಿಜಿ. ಒಟ್ಟು ಟೆಸ್ಟೋಸ್ಟೆರಾನಿನಲ್ಲಿ ಈ ಪ್ರೋಟೀನಿಗೆ ಅಂಟಿಕೊಂಡ ಭಾಗ ಎಫ್‌ಡಿಯಲ್ಲಿಟ್ಟ ದುಡ್ಡಿನ ಹಾಗೆ, ಬಿಡಿಯಾಗಿರುವ ಭಾಗ ಜೇಬಿನ ದುಡ್ಡಿನ ಹಾಗೆ. ಒಂದು ಉದಾಹರಣೆ ಇಟ್ಟುಕೊಳ್ಳಿ. 42 ವರ್ಷ, ಸೊಂಟ 102 ಸೆಂಟಿಮೀಟರ್, ಒಟ್ಟು ಟೆಸ್ಟೋಸ್ಟೆರಾನ್ 280. ಗಾಬರಿಯಾಗುತ್ತದೆ, ಅಲ್ವಾ? ಎಸ್‌ಎಚ್‌ಬಿಜಿ ನೋಡಿದರೆ 14, ತುಂಬಾ ಕಮ್ಮಿ. ರಕ್ತದ ಇನ್ನೊಂದು ಪ್ರೋಟೀನ್ ಆದ ಅಲ್ಬುಮಿನ್ ಜೊತೆ ಸೇರಿಸಿ ಬಿಡಿ ಟೆಸ್ಟೋಸ್ಟೆರಾನ್ ಲೆಕ್ಕ ಹಾಕಿದರೆ ಅದು ಸರಿಯಾಗೇ ಇರುತ್ತದೆ. ಇವರಿಗೆ ಬೇಕಾದ್ದು ಇಂಜೆಕ್ಷನ್ ಅಲ್ಲ, ಸೊಂಟ ಇಳಿಸುವುದು. ಬಿಡಿ ಟೆಸ್ಟೋಸ್ಟೆರಾನನ್ನು ಅಗ್ಗದ ನೇರ ಪರೀಕ್ಷೆಯಲ್ಲಿ ಅಳೆಸಿದರೆ ನಂಬಲಾಗದು. ಒಟ್ಟು, ಎಸ್‌ಎಚ್‌ಬಿಜಿ, ಅಲ್ಬುಮಿನ್ ಮೂರನ್ನೂ ಕೊಟ್ಟು ಡಾಕ್ಟರಿಂದ ಲೆಕ್ಕ ಹಾಕಿಸಿ.

ಎರಡನೇ ಸಲವೂ ಕಮ್ಮಿ ಬಂದರೆ ಎಲ್‌ಎಚ್, ಜೊತೆಗೆ ಪಿಟ್ಯುಟರಿಯ ಇನ್ನೆರಡು ಹಾರ್ಮೋನ್‌ಗಳಾದ ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಪರೀಕ್ಷೆಯೂ ಬೇಕು. ಟೆಸ್ಟೋಸ್ಟೆರಾನ್ ಕಮ್ಮಿ, ಎಲ್‌ಎಚ್ ಜಾಸ್ತಿ ಅಂದರೆ ತಲೆ ಕೂಗುತ್ತಿದೆ, ವೃಷಣ ಕೇಳುತ್ತಿಲ್ಲ. ತೊಂದರೆ ವೃಷಣದಲ್ಲಿದೆ. ಎರಡೂ ಕಮ್ಮಿ, ಅಥವಾ ಎಲ್‌ಎಚ್ ಏರದೆ ಮಾಮೂಲಾಗಿದೆ ಅಂದರೆ ಅಪ್ಪಣೆಯೇ ಸಾಲುತ್ತಿಲ್ಲ. ಬೊಜ್ಜಿನವರಲ್ಲಿ, ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ಪ್ರೊಲ್ಯಾಕ್ಟಿನ್ ತುಂಬಾ ಏರಿದ್ದರೆ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯಾ ಅಂತ ಎಂಆರ್‌ಐ ಮಾಡಿಸುತ್ತಾರೆ. ಇದನ್ನೆಲ್ಲ ನೋಡಬೇಕಾದವರು ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ಜಿಮ್ ಟ್ರೈನರ್ ಅಲ್ಲ, ಲ್ಯಾಬಿನಿಂದ ಫೋನ್ ಮಾಡುವ ಕೌನ್ಸೆಲರ್ರೂ ಅಲ್ಲ.

ಹಂತ 5: ಸೊಂಟ ಇಳಿಸಿ, ಸ್ನಾಯು ಉಳಿಸಿ

ತೂಕ ಇಳಿದಷ್ಟೂ ಟೆಸ್ಟೋಸ್ಟೆರಾನ್ ಏರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಹಾಕಿದ ಲೆಕ್ಕದಲ್ಲಿ, ಪಥ್ಯದಿಂದ ತೂಕ ಇಳಿಸಿದವರಿಗೆ ಸರಾಸರಿ 80 ನ್ಯಾನೊಗ್ರಾಂ ಆಸುಪಾಸು, ಬೊಜ್ಜಿನ ಸರ್ಜರಿ ಮಾಡಿಸಿಕೊಂಡವರಿಗೆ ಸುಮಾರು 250 ನ್ಯಾನೊಗ್ರಾಂ ಏರಿತ್ತು. ಅದೇ 280ರ ಮನುಷ್ಯ ಪಥ್ಯದಿಂದಲೇ ಗೆರೆ ದಾಟಬಹುದು. ಆದರೆ ಉಪವಾಸ ಬಿದ್ದು ಇಳಿಸಬೇಡಿ. ತೀರಾ ಕಮ್ಮಿ ತಿಂದರೆ ಮೈ ಹಾರ್ಮೋನನ್ನೇ ಕಡಿತ ಮಾಡುತ್ತದೆ, ಸ್ನಾಯುವೂ ಹೋಗುತ್ತದೆ. ಈಗಿರುವ ತೂಕದ 5ರಿಂದ 10%, ಆರು ತಿಂಗಳಲ್ಲಿ. 84 ಕಿಲೋ ಇದ್ದವರು 78ಕ್ಕೆ ಬಂದರೂ ದೊಡ್ಡ ವ್ಯತ್ಯಾಸ.

ನಮ್ಮ ಊಟದಲ್ಲಿ ತೊಂದರೆ ಎಲ್ಲಿದೆ? ದರ್ಶಿನಿಯ ತಿಂಡಿ ನೋಡಿ. ಒಂದು ಮಸಾಲೆ ದೋಸೆ, ಮೇಲೆ ಬೆಣ್ಣೆ, ಒಳಗೆ ಆಲೂಗಡ್ಡೆ ಪಲ್ಯ. ಜೊತೆಗೆ ಒಂದು ವಡೆ, ಸಕ್ಕರೆ ಹಾಕಿದ ಕಾಫಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಮಾತ್ರ ಹತ್ತು ಗ್ರಾಂ ಆಸುಪಾಸು. ಹನ್ನೊಂದೂವರೆಗೆ ಮತ್ತೆ ಹಸಿವು. ಸಂಜೆ ನಾಲ್ಕಕ್ಕೆ ಬೇಕರಿಯ ಖಾರ ಬನ್ ಇಲ್ಲಾ ಪಫ್. ಶುಕ್ರವಾರ ಬಿಯರ್. ಹೆಚ್ಚು ಕುಡಿತ ವೃಷಣಕ್ಕೂ ಲಿವರಿಗೂ ನೇರ ಪೆಟ್ಟು, ಕ್ಯಾಲೊರಿ ಬೇರೆ.

ದೋಸೆ ಬಿಡಿ ಅಂತ ನಾನು ಹೇಳುವುದಿಲ್ಲ, ಬೆಂಗಳೂರಿನಲ್ಲಿ ಇದ್ದುಕೊಂಡು ಅದು ಆಗದ ಮಾತು. ವಾರಕ್ಕೊಂದು ದಿನ ಖುಷಿಯಾಗಿ ತಿನ್ನಿ. ಮಿಕ್ಕ ದಿನ ಎರಡು ಇಡ್ಲಿ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದವರು ಹೆಸರುಕಾಳಿನ ಉಸ್ಲಿ ಅಥವಾ ಪನೀರ್. ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಐಸಿಎಂಆರ್-ಎನ್‌ಐಎನ್) ಹೇಳುತ್ತದೆ. ತೂಕ ಇಳಿಸುತ್ತಾ ಕಸರತ್ತು ಮಾಡುವವರಿಗೆ 1.2 ಗ್ರಾಂವರೆಗೆ ಇದ್ದರೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಏರಿಸಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬೇಯಿಸಿದ 100 ಗ್ರಾಂ ಚಿಕನ್‌ನಲ್ಲಿ 27ರ ಆಸುಪಾಸು, 100 ಗ್ರಾಂ ಪನೀರಿನಲ್ಲಿ 18, ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 25ರಷ್ಟು. ಸೋಯಾ ತಿಂದರೆ ಗಂಡಸುತನ ಹೋಗುತ್ತದೆ ಅನ್ನೋ ಭಯ ಬೇಡ. ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಅದರಿಂದ ಟೆಸ್ಟೋಸ್ಟೆರಾನ್ ಇಳಿದಿದ್ದು ಕಂಡಿಲ್ಲ.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿ ಒಳ್ಳೆಯದು ಅಂತ ದೊಡ್ಡ ಮುದ್ದೆ ಎರಡು ನುಂಗಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದೇ 320 ಕ್ಯಾಲೊರಿ ದಾಟುತ್ತದೆ. ಒಂದು ಚಿಕ್ಕ ಮುದ್ದೆ, ಬಟ್ಟಲು ತುಂಬ ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಬಸಿದ ಸೊಪ್ಪು ಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ. ಸೊಂಟ ಇಳಿಸುವವರಿಗೆ ಇದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ ಸಾರು ಇದ್ದೇ ಇದೆ.

ಕಸರತ್ತಿಗೆ ಬರೋಣ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಸ್ಯಾಂಕಿ ಕೆರೆಯ ಸುತ್ತ ನಡೆಯುವುದು ಹೃದಯಕ್ಕೆ ಒಳ್ಳೆಯದು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಇಟ್ಟುಕೊಳ್ಳಿ. ಆದರೆ ನಡಿಗೆ ಒಂದರಿಂದ ಸ್ನಾಯು ಉಳಿಯುವುದಿಲ್ಲ. ವಾರಕ್ಕೆ ಕಮ್ಮಿ ಅಂದರೂ ಎರಡು ದಿನ ಭಾರದ ಕಸರತ್ತು ಬೇಕು. ಶುರುವಿಗೆ ಮನೆಯಲ್ಲೇ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ. ಗೋಡೆಗೆ, ಆಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ ಕೈ ಊರಿ ದಂಡದಂತೆ ಪುಷ್‌ಅಪ್. ಮಲಗಿ ಸೊಂಟ ಎತ್ತುವುದು. ಎರಡು ಕೈಯಲ್ಲಿ ಐದೈದು ಲೀಟರ್ ನೀರಿನ ಕ್ಯಾನ್ ಹಿಡಿದು ವರಾಂಡದಲ್ಲಿ ನಡೆಯುವುದು. ಪ್ರತಿಯೊಂದೂ ಮೂರು ಸುತ್ತು. ಸುಲಭ ಅನ್ನಿಸಿದ ದಿನ ಭಾರ ಏರಿಸಿ. ಬೈಠಕ್ ಹೊಡೆದರೆ ಟೆಸ್ಟೋಸ್ಟೆರಾನ್ ಏರುತ್ತದೆ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಏರುತ್ತದೆ, ಅರ್ಧ ಗಂಟೆಯಲ್ಲಿ ಇಳಿದೂ ಹೋಗುತ್ತದೆ. ನಿಜವಾದ ಲಾಭ ಅದಲ್ಲ. ಸ್ನಾಯು ಬೆಳೆದರೆ ರಕ್ತದ ಸಕ್ಕರೆಯನ್ನು ಅದು ಹೀರಿಕೊಳ್ಳುತ್ತದೆ, ಇನ್ಸುಲಿನ್ ಸರಿಯಾಗುತ್ತದೆ, ಹಾರ್ಮೋನ್ ಇಳಿಸುತ್ತಿದ್ದ ಮೂಲ ಕಾರಣವೇ ಸಡಿಲವಾಗುತ್ತದೆ.

2025ರಲ್ಲಿ ನಮ್ಮ ದೇಶಕ್ಕೆ ತೂಕ ಇಳಿಸುವ ಮೌಂಜಾರೊ, ವೆಗೊವಿ ಇಂಜೆಕ್ಷನ್‌ಗಳೂ ಬಂದಿವೆ. ಬೊಜ್ಜು ಹೆಚ್ಚಿದ್ದವರು ಡಾಕ್ಟರ ಹತ್ತಿರ ಕೇಳಬಹುದು. ಅದರಲ್ಲೂ ಸ್ನಾಯು ಕರಗುವ ಅಪಾಯ ಇರುವುದರಿಂದ ಭಾರದ ಕಸರತ್ತು, ಪ್ರೋಟೀನ್ ತಪ್ಪಿಸುವಂತಿಲ್ಲ.

ಹಂತ 6: ಟೆಸ್ಟೋಸ್ಟೆರಾನ್ ಚಿಕಿತ್ಸೆ ಯಾರಿಗೆ

ಲಕ್ಷಣವಿದೆ, ಎರಡು ಬೆಳಗಿನ ರಿಪೋರ್ಟ್ ಕಮ್ಮಿ ಇದೆ, ಕಾರಣವೂ ಗೊತ್ತಾಗಿದೆ ಅನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ಚಿಕಿತ್ಸೆ. ವೃಷಣ ಕೆಟ್ಟವರಿಗೆ, ಪಿಟ್ಯುಟರಿ ತೊಂದರೆಯವರಿಗೆ ಬದುಕೇ ಬದಲಾಗುತ್ತದೆ. ಅವರು ಹೆದರಿ ಹಿಂದೆ ಸರಿಯಬಾರದು.

ಆದರೆ ತೂಕ ಇಳಿಸುವ ಔಷಧ ಅಂತ ಇದನ್ನು ತಗೊಳ್ಳುವವರು ನಿರೀಕ್ಷೆ ತಗ್ಗಿಸಿಕೊಳ್ಳಬೇಕು. 2005ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕೊಬ್ಬು ಸರಾಸರಿ 1.6 ಕಿಲೋ ಇಳಿದಿತ್ತು, ಸ್ನಾಯು ಮುಂತಾದ್ದು 1.6 ಕಿಲೋ ಏರಿತ್ತು. ತಕ್ಕಡಿಯ ಮುಳ್ಳು ಅಲ್ಲಾಡಲೇ ಇಲ್ಲ. ಆಸ್ಟ್ರೇಲಿಯಾದಲ್ಲಿ 50ರಿಂದ 74 ವರ್ಷದ, ಸೊಂಟ 95 ಸೆಂಟಿಮೀಟರ್ ಅಥವಾ ಜಾಸ್ತಿ ಇದ್ದ 1,007 ಗಂಡಸರ ಮೇಲೆ ಎರಡು ವರ್ಷ ಪ್ರಯೋಗ ನಡೆಯಿತು. ಎಲ್ಲರಿಗೂ ಊಟ, ವ್ಯಾಯಾಮದ ಕಾರ್ಯಕ್ರಮ ಇತ್ತು. ಇಂಜೆಕ್ಷನ್ ಪಡೆದವರಲ್ಲಿ 12%, ಪಡೆಯದವರಲ್ಲಿ 21% ಜನರಿಗೆ ಕೊನೆಗೆ ಸಕ್ಕರೆ ಕಾಯಿಲೆ ಇತ್ತು. ಒಳ್ಳೆಯ ಫಲಿತಾಂಶವೇ. ಆದರೆ ಇಂಜೆಕ್ಷನ್ ಪಡೆದವರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರಕ್ತ ಮಿತಿ ಮೀರಿ ದಪ್ಪವಾಯಿತು.

ಹೃದಯದ ಬಗ್ಗೆ 2023ರಲ್ಲಿ ಬಂದ ಟ್ರಾವರ್ಸ್ ಪ್ರಯೋಗದಲ್ಲಿ 5,000ಕ್ಕೂ ಹೆಚ್ಚು ಗಂಡಸರಿದ್ದರು. ನಿಜವಾದ ಕೊರತೆ ಇದ್ದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿಯಾಗಲಿಲ್ಲ. ಹೃದಯ ಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡವು.

ಮಕ್ಕಳು ಬೇಕು ಅನ್ನುವವರು ಈ ಸಾಲನ್ನು ಎರಡು ಸಲ ಓದಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ತಲೆ ಅಪ್ಪಣೆ ನಿಲ್ಲಿಸುತ್ತದೆ, ವೀರ್ಯಾಣು ತಯಾರಿ ನಿಲ್ಲುತ್ತದೆ. ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ಪ್ರಯೋಗ ನಡೆದಿರುವುದೇ ಇದಕ್ಕಾಗಿ. ನಿಲ್ಲಿಸಿದ ಮೇಲೆ ಮರಳಿ ಬರಲು ತಿಂಗಳುಗಟ್ಟಲೆ ಬೇಕು. ಮಕ್ಕಳ ಯೋಚನೆ ಇದ್ದರೆ ಮೊದಲೇ ಹೇಳಿ, ಡಾಕ್ಟರು ವೃಷಣವನ್ನೇ ಕೆಲಸಕ್ಕೆ ಹಚ್ಚುವ ಎಚ್‌ಸಿಜಿಯಂಥ ಬೇರೆ ದಾರಿ ನೋಡುತ್ತಾರೆ.

ಶುರು ಮಾಡುವುದಾದರೆ ಮೊದಲೇ ಹೆಮಟೋಕ್ರಿಟ್ (ರಕ್ತ ಎಷ್ಟು ದಪ್ಪ ಅನ್ನುವ ಲೆಕ್ಕ), ವಯಸ್ಸು 40 ದಾಟಿದ್ದರೆ ಪಿಎಸ್‌ಎ (ಪ್ರಾಸ್ಟೇಟ್‌ಗೆ ಸಂಬಂಧಿಸಿದ ರಕ್ತಪರೀಕ್ಷೆ) ಕೇಳಿ. ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಹೆಮಟೋಕ್ರಿಟ್ 54% ದಾಟಿದರೆ ನಿಲ್ಲಿಸುತ್ತಾರೆ. ಜೆಲ್ ಹಚ್ಚಿಕೊಳ್ಳುವವರು ಮಗುವನ್ನು ಎತ್ತಿಕೊಳ್ಳುವ ಮೊದಲು ಆ ಜಾಗ ತೊಳೆದು, ಅಂಗಿಯಿಂದ ಮುಚ್ಚಿರಬೇಕು.

ದುಡ್ಡು ಹಾಕಬಾರದ ಕಡೆ

ಬೂಸ್ಟರ್ ಡಬ್ಬಿಗಳು. ಸತು, ವಿಟಮಿನ್ ಡಿ ಕೊರತೆ ಇದ್ದವರಿಗೆ ಮಾತ್ರ ಅವುಗಳಿಂದ ಉಪಯೋಗ. ಅಶ್ವಗಂಧದ ಮೇಲೆ ಸಣ್ಣ ಸಣ್ಣ ಅಧ್ಯಯನಗಳಿವೆ, ಲಿವರ್ ಪೆಟ್ಟು ತಿಂದ ಪ್ರಕರಣಗಳೂ ವರದಿಯಾಗಿವೆ.

ಜಿಮ್ಮಿನಲ್ಲಿ ‘ಒಂದ್ ಸೈಕಲ್ ಹಾಕು’ ಅಂತ ಕೊಡುವ ಇಂಜೆಕ್ಷನ್ ಮಾತ್ರ ಯಾವ ಕಾರಣಕ್ಕೂ ಬೇಡ. ಪ್ರಮಾಣ ಚಿಕಿತ್ಸೆಯದ್ದಕ್ಕಿಂತ ಎಷ್ಟೋ ಪಟ್ಟು. ವೃಷಣ ಕುಗ್ಗುತ್ತದೆ, ಹೃದಯದ ಸ್ನಾಯು ದಪ್ಪವಾಗುತ್ತದೆ, ಬಿಟ್ಟ ಮೇಲೆ ಸ್ವಂತ ಹಾರ್ಮೋನ್ ತಳ ಕಂಡು ಕೊಬ್ಬು ಇನ್ನೂ ಬೇಗ ಸೇರುತ್ತದೆ. ಈಗಾಗಲೇ ತಗೊಳ್ಳುತ್ತಿರುವ ಹುಡುಗರು ಮುಚ್ಚಿಡದೆ ಡಾಕ್ಟರ ಹತ್ತಿರ ಹೋಗಿ. ಬೈಸಿಕೊಂಡರೂ ಪರವಾಗಿಲ್ಲ, ಸರಿಮಾಡಿಕೊಳ್ಳಲು ದಾರಿ ಇದೆ.

ಮತ್ತೆ ಯಾವಾಗ ನೋಡಬೇಕು

ಸೊಂಟ ತಿಂಗಳಿಗೊಮ್ಮೆ ಅಳೆಯಿರಿ. ಟೆಸ್ಟೋಸ್ಟೆರಾನನ್ನು ಆರು ತಿಂಗಳಾದ ಮೇಲೆ, ತೂಕ ನಿಂತ ಮೇಲೆ ಮಾಡಿಸಿ. ಇಳಿಯುತ್ತಿರುವಾಗ ಮಾಡಿಸಿದರೆ ನಂಬರ್ ಅಡ್ಡಾದಿಡ್ಡಿ ಬರುತ್ತದೆ. ಸೊಂಟ ಇಳಿದರೂ ಲಕ್ಷಣ ಹಾಗೇ ಇದ್ದು ನಂಬರ್ ಏರದಿದ್ದರೆ, ಎಲ್ಲ ರಿಪೋರ್ಟ್, ಸೊಂಟದ ಅಳತೆಯ ಚೀಟಿ, ತಿನ್ನುವ ಮಾತ್ರೆಗಳ ಪಟ್ಟಿ ಹಿಡಿದು ಎಂಡೋಕ್ರಿನಾಲಜಿಸ್ಟ್ ಹತ್ತಿರ ಹೋಗಿ, ಕಾರಣ ಏನು ಅಂತ ಕೇಳಿ. ಕಾರಣ ಹೇಳದೆ ಇಂಜೆಕ್ಷನ್ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯಿರಿ.